ಅರ್ಜಿಯ ಹದಿನೇಳನೆಯ ಪ್ರಶ್ನೆ

ಮನಸ್ಸಿನ ಕಾಯಿಲೆ ಇದ್ದವರಿಗೆ ಜೀವವಿಮೆ: ನಮ್ಮ ಮನೆಯ ಅನುಭವ

ಕಳೆದ ದೀಪಾವಳಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಕೂಟದ ಹಳೆಯ ಸದಸ್ಯರೊಬ್ಬರು ನಮ್ಮನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. ಬಿಸಿಬೇಳೆಭಾತಿನ ತಟ್ಟೆ ಕೈಯಲ್ಲೇ ಇತ್ತು. "ನಿಮಗೆ ಇದೆಲ್ಲ ಗೊತ್ತಿರುತ್ತೆ ಅಂತ ಕೇಳ್ತಿದೀನಿ, ತಪ್ಪು ತಿಳ್ಕೋಬೇಡಿ" ಎಂದು ಪೀಠಿಕೆ ಹಾಕಿದರು. ಅವರ ಮನೆಯಲ್ಲಿ ಒಬ್ಬರು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಾರಂತೆ. ಜೀವವಿಮೆಗೆ ಕೇಳಿದರೆ ಏಜೆಂಟ್ "ನಿಮಗೆ ಸಿಗೋಲ್ಲ, ಬಿಡಿ" ಎಂದನಂತೆ. "ಹಾಗಾದ್ರೆ ಮಾತ್ರೆ ನಿಲ್ಲಿಸಿ ಒಂದು ವರ್ಷ ಬಿಟ್ಟು ಅರ್ಜಿ ಹಾಕೋಣ ಅಂತಿದೀವಿ. ಏನಂತೀರಿ?" ಎಂದು ಕೇಳಿದರು.

ನಮಗೆ ಆ ಕ್ಷಣ ತುತ್ತು ಗಂಟಲಲ್ಲಿ ನಿಂತಿತು. ಸಾಲಿನಲ್ಲಿ ನಿಂತು ಉತ್ತರ ಕೊಡುವ ಪ್ರಶ್ನೆಯಲ್ಲ ಅದು. "ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ, ನಾಳೆ ಫೋನ್ ಮಾಡ್ತೀವಿ" ಎಂದಷ್ಟೇ ಹೇಳಿ ಬಂದೆವು. ಮಾರನೆಯ ದಿನ ಎರಡು ಗಂಟೆ ಮಾತಾಡಿದೆವು. ಆಮೇಲೆ ಅನ್ನಿಸಿತು: ಒಬ್ಬರು ಕೇಳಿದರು, ಕೇಳದೆ ಸುಮ್ಮನಿರುವ ಮನೆಗಳು ಎಷ್ಟಿವೆಯೋ? ಸಂಪಾದಕರು ಒಪ್ಪಿದ್ದರಿಂದ ಈ ಲೇಖನ.

ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಕಾಯಿಲೆ ಗಂಡನದು, ಕೈಬರಹ ಹೆಂಡತಿಯದು, ಮಾತು ಇಬ್ಬರದೂ. ಮುಂದೆ "ಇವರು" ಎಂದು ಬಂದ ಕಡೆಯಲ್ಲೆಲ್ಲ ಯಜಮಾನರು ಎಂದು ಓದಿಕೊಳ್ಳಬೇಕು. ನಾವು ವಕೀಲರಲ್ಲ, ವಿಮೆ ಮಾರುವವರೂ ಅಲ್ಲ. ಎರಡು ವರ್ಷ ಅಲೆದು, ಕಾಗದ ತಿರುವಿ, ಕೈಸುಟ್ಟುಕೊಂಡು ಕಲಿತದ್ದನ್ನು ಹೇಳುತ್ತಿದ್ದೇವೆ.

ಕಾಯಿಲೆಯ ಕಥೆ

ಇವರಿಗೆ ಮೊದಲು ಕಾಣಿಸಿಕೊಂಡದ್ದು 2003ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ. ನಾಲ್ಕು ರಾತ್ರಿ ನಿದ್ದೆಯಿಲ್ಲ, ಆದರೂ ಆಯಾಸವಿಲ್ಲ. ಕಾಲೇಜಿನ ಫೀಸಿನ ದುಡ್ಡಿನಲ್ಲಿ ಅವೆನ್ಯೂ ರೋಡಿನಿಂದ ಎರಡು ಆಟೋ ತುಂಬ ಹಳೆಯ ಪುಸ್ತಕ ತಂದು ಹಾಸ್ಟೆಲಿನ ಕೋಣೆ ತುಂಬಿಸಿದರು. ಅದಾದ ಮೂರು ತಿಂಗಳಿಗೆ ಅದೇ ಮನುಷ್ಯ ಸ್ನಾನಕ್ಕೂ ಏಳದೆ ಗೋಡೆ ನೋಡುತ್ತ ಮಲಗಿದರು. ಮಾವನವರು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ನೆಂಟರಿಗೆ ಮಾತ್ರ "ಟೈಫಾಯಿಡ್" ಎಂದು ಹೇಳಿದರು. ಕಾಯಿಲೆಯ ಹೆಸರು ಬೈಪೋಲಾರ್. ಮನಸ್ಸು ಒಂದು ಕಾಲಕ್ಕೆ ತೀರ ಮೇಲೇರುವುದು, ಇನ್ನೊಂದು ಕಾಲಕ್ಕೆ ಪಾತಾಳಕ್ಕಿಳಿಯುವುದು. ಔಷಧಿ ಲಿಥಿಯಂ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿ ಅದರ ಗುಣವನ್ನು ತೋರಿಸಿಕೊಟ್ಟರು. ಅಮೆರಿಕದಲ್ಲಿ 1970ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ಹೊಸದೇನಲ್ಲ, ಮಂತ್ರವೂ ಅಲ್ಲ. ತಪ್ಪದೆ ತೆಗೆದುಕೊಳ್ಳಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಿ ಲಿಥಿಯಂ ಪ್ರಮಾಣ, ಮೂತ್ರಪಿಂಡ, ಥೈರಾಯ್ಡ್ ಸರಿಯಿದೆಯೇ ಎಂದು ನೋಡುತ್ತಿರಬೇಕು. ಅಷ್ಟೇ.

ಮದುವೆಗೆ ಮುಂಚೆ ಇವರೇ ಗಾಂಧಿ ಬಜಾರಿನ ಹೋಟೆಲಿನಲ್ಲಿ ಕೂತು ಎಲ್ಲವನ್ನೂ ಹೇಳಿದ್ದರು. ಕಾಫಿ ಆರಿಹೋಗಿತ್ತು. ಆ ದಿನ ಹೇಳದೆ ಇದ್ದಿದ್ದರೆ ಇಂದು ಈ ಲೇಖನಕ್ಕೆ "ನಾವು" ಎಂಬ ಮಾತೇ ಇರುತ್ತಿರಲಿಲ್ಲ.

ಓಹಾಯೋಗೆ ಬಂದದ್ದು 2009ರಲ್ಲಿ. 2014ರಲ್ಲಿ ಕೆಲಸದ ಒತ್ತಡ, ರಾತ್ರಿ ಪಾಳಿ, ಜೊತೆಗೆ ಮಾತ್ರೆ ತಪ್ಪಿದ್ದು ಎಲ್ಲ ಸೇರಿ ಒಂಬತ್ತು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಆಮೇಲೆ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ, ಕೆಲಸಕ್ಕೆ ಕಾಯಿಲೆಯ ಕಾರಣಕ್ಕೆ ರಜಾ ಹಾಕಿಲ್ಲ. 2021ರಲ್ಲಿ ಮನೆ ಕೊಂಡೆವು. ಮೂವತ್ತು ವರ್ಷದ ಸಾಲ, ಎರಡು ಮಕ್ಕಳು, ಶಿವಮೊಗ್ಗದಲ್ಲಿ ವಯಸ್ಸಾದ ಅತ್ತೆ ಮಾವ. ಆಗ ಜೀವವಿಮೆಯ ಮಾತು ಬಂತು.

"ನೋ" ಎಂದು ಗೀಚಿದರೆ?

ಅರ್ಜಿ ಊಟದ ಮೇಜಿನ ಮೇಲಿತ್ತು. ಹದಿನಾರು ಪ್ರಶ್ನೆ ಸಲೀಸಾಗಿ ಮುಗಿದವು. ಹದಿನೇಳನೆಯದು: ಖಿನ್ನತೆ, ಬೈಪೋಲಾರ್, ಆತಂಕ ಅಥವಾ ಬೇರೆ ಯಾವುದೇ ಮಾನಸಿಕ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ?

ಇಬ್ಬರು ಸ್ನೇಹಿತರು ಮೊದಲೇ ಸಲಹೆ ಕೊಟ್ಟಿದ್ದರು. "ನೋ ಅಂತ ಗೀಚಿ ಹಾಕಿ ಸಾರ್. ಬೆಂಗಳೂರಿನ ಕಾಗದ ಇಲ್ಲಿಗೆ ಯಾರು ತರ್ತಾರೆ?" ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ, ನಮ್ಮ ಸಂಸಾರದ ಹಿತಕ್ಕೆಂದೇ ಹೇಳಿದ್ದು. ಇವರು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು. ಕೊನೆಗೆ, "ನಾನು ಇರೋವರೆಗೆ ಈ ಸುಳ್ಳು ನಡೆಯುತ್ತೆ. ನಾನು ಇಲ್ಲದಾಗ ಅದಕ್ಕೆ ಉತ್ತರ ಕೊಡಬೇಕಾದೋಳು ನೀನು" ಎಂದು "ಯೆಸ್" ಗುರುತು ಹಾಕಿದರು.

ಈ ಒಂದು ಮಾತಿನಲ್ಲಿ ಇಡೀ ವಿಷಯ ಇದೆ. ಹೇಗೆಂದು ಬಿಡಿಸಿ ಹೇಳುತ್ತೇವೆ.

ಈ ದೇಶದಲ್ಲಿ ಪಾಲಿಸಿ ಕೈಗೆ ಬಂದ ಮೊದಲ ಎರಡು ವರ್ಷ ಪ್ರಶ್ನಿಸುವ ಅವಧಿ. ಆ ಎರಡು ವರ್ಷದಲ್ಲಿ ವಿಮೆದಾರರು ತೀರಿಕೊಂಡರೆ, ಕಾರಣ ಕಾರು ಅಪಘಾತವೇ ಆಗಿರಲಿ, ಹೃದಯಾಘಾತವೇ ಆಗಿರಲಿ, ಕಂಪೆನಿಯವರು ಹಳೆಯ ಅರ್ಜಿಯನ್ನು ತೆಗೆದು ಆಸ್ಪತ್ರೆಯ ಕಾಗದಗಳ ಜೊತೆ ಹೊಂದಿಸಿ ನೋಡಬಹುದು. ಮುಖ್ಯ ವಿಷಯ ಮುಚ್ಚಿಟ್ಟದ್ದು ಗೊತ್ತಾದರೆ ಪಾಲಿಸಿಯನ್ನೇ ರದ್ದು ಮಾಡಿ, ಕಟ್ಟಿದ ಕಂತಿನ ಹಣವನ್ನಷ್ಟೇ ವಾಪಸು ಕೊಡುತ್ತಾರೆ. ಎರಡು ವರ್ಷ ದಾಟಿದರೆ ಬಹುಮಟ್ಟಿಗೆ ಭದ್ರ. ಆದರೆ ಬೇಕೆಂದೇ ಮಾಡಿದ ವಂಚನೆಗೆ ಕೆಲವು ರಾಜ್ಯಗಳಲ್ಲಿ ಆಮೇಲೂ ವಿನಾಯಿತಿ ಇಲ್ಲ.

ಇನ್ನು "ಯಾರಿಗೆ ಗೊತ್ತಾಗುತ್ತೆ?" ಎನ್ನುವ ಮಾತು. ಅರ್ಜಿಗೆ ಸಹಿ ಹಾಕಿದಾಗಲೇ ನಮ್ಮ ದಾಖಲೆಗಳನ್ನು ನೋಡಲು ಅನುಮತಿ ಕೊಟ್ಟಿರುತ್ತೇವೆ. ಔಷಧಿ ಅಂಗಡಿಯಲ್ಲಿ ಹಲವು ವರ್ಷ ಕೊಂಡ ಮಾತ್ರೆಗಳ ಪಟ್ಟಿ ಕಂಪೆನಿಗೆ ಬಹಳ ಬೇಗ ಸಿಗುತ್ತದೆ. ಆ ಪಟ್ಟಿಯಲ್ಲಿ ಲಿಥಿಯಂ ಇದ್ದರೆ ಮತ್ತೆ ಕೇಳಬೇಕಾದ್ದೇನಿದೆ? ಜೊತೆಗೆ ಎಂ.ಐ.ಬಿ. ಎಂಬ ಸಂಸ್ಥೆ ಇದೆ. 1902ರಲ್ಲಿ ವಿಮಾ ಕಂಪೆನಿಗಳೇ ಸೇರಿ ಕಟ್ಟಿಕೊಂಡದ್ದು. ನೀವು ಒಂದು ಕಂಪೆನಿಗೆ ಅರ್ಜಿ ಹಾಕಿದಾಗ ಹೊರಬಿದ್ದ ಆರೋಗ್ಯದ ಸಂಗತಿ ಸಂಕೇತಗಳ ರೂಪದಲ್ಲಿ ಅಲ್ಲಿ ಏಳು ವರ್ಷ ಉಳಿಯುತ್ತದೆ. ಇನ್ನೊಂದು ಕಂಪೆನಿ ಅದನ್ನು ನೋಡಬಹುದು. ಒಂದು ಕಡೆ "ಯೆಸ್", ಇನ್ನೊಂದು ಕಡೆ "ನೋ" ಎಂದರೆ ಎರಡನೆಯವರಿಗೆ ಅನುಮಾನ ಬರದೆ ಇರುವುದಿಲ್ಲ.

ಅಂದರೆ "ನೋ" ಎಂಬ ಸುಳ್ಳಿನಿಂದ ಪಾಲಿಸಿ ಸಿಕ್ಕಿದರೂ ಅದು ಕಾಗದದ ಮನೆ. ಕಂತು ಕಟ್ಟಿಕೊಂಡೇ ಇರುತ್ತೇವೆ. ಮಳೆ ಬಂದ ದಿನ ಅದರೊಳಗೆ ನಿಲ್ಲಬೇಕಾದವರು ಹೆಂಡತಿ ಮಕ್ಕಳು.

ಮೊದಲ ಅರ್ಜಿ, ಮೊದಲ ತಿರಸ್ಕಾರ

ನಿಜ ಹೇಳಿದೆವು. ಆದರೆ ಸರಿಯಾಗಿ ಹೇಳಲಿಲ್ಲ. ಅದು ನಮ್ಮ ತಪ್ಪು.

ನಾವು ಹೋದದ್ದು ಒಂದೇ ಕಂಪೆನಿಯ ಪಾಲಿಸಿ ಮಾರುವ ಏಜೆಂಟನ ಹತ್ತಿರ. ಐದು ಲಕ್ಷ ಡಾಲರಿನ, ಇಪ್ಪತ್ತು ವರ್ಷದ ಟರ್ಮ್ ಪಾಲಿಸಿಗೆ ಅರ್ಜಿ. ಕಾಯಿಲೆಯ ವಿವರ ಬರೆಯುವ ಜಾಗದಲ್ಲಿ "ಬೈಪೋಲಾರ್, 2003ರಿಂದ" ಎಂದು ಒಂದೇ ಸಾಲು. ಆರು ವಾರಕ್ಕೆ ಕಾಗದ ಬಂತು: ವಿಷಾದಿಸುತ್ತೇವೆ. ಇವರು ಕಾಗದವನ್ನು ಮಡಿಸಿ ಫ್ರಿಜ್ಜಿನ ಮೇಲಿಟ್ಟು ಏನೂ ಮಾತಾಡದೆ ಹಿಮ ತೆಗೆಯಲು ಹೊರಗೆ ಹೋದರು. ಒಂದು ಗಂಟೆಯಾದರೂ ಒಳಗೆ ಬರಲಿಲ್ಲ. ಕೆಲಸ ಮಾಡುವ, ಸಾಲ ತೀರಿಸುವ, ಶನಿವಾರ ಮಕ್ಕಳಿಗೆ ಕನ್ನಡ ಪಾಠ ಹೇಳುವ ಮನುಷ್ಯನಿಗೆ "ನಿನ್ನ ಜೀವಕ್ಕೆ ಬೆಲೆ ಕಟ್ಟಲಾರೆವು" ಎಂದಂತೆ ಆಗಿತ್ತು.

ಆಮೇಲೆ ಒಬ್ಬ ಅಕೌಂಟೆಂಟ್ ಸ್ನೇಹಿತರು ಹೇಳಿದರು: ಓಹಾಯೋ ಸೇರಿದಂತೆ ಹಲವು ರಾಜ್ಯಗಳಲ್ಲಿ ತಿರಸ್ಕಾರಕ್ಕೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ಕೇಳುವ ಹಕ್ಕಿದೆ, ಕೇಳಿ ಎಂದು. ಕೇಳಿದೆವು. ವೈದ್ಯಕೀಯ ಕಾರಣವಾದ್ದರಿಂದ ಉತ್ತರ ನಮ್ಮ ಡಾಕ್ಟರಿಗೆ ಹೋಯಿತು. ಅವರು ಓದಿ ಹೇಳಿದಾಗ ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೈಪೋಲಾರ್ ಒಂದು ಕಾರಣ. ಎರಡನೆಯದು "ಮದ್ಯಪಾನದ ಸಮಸ್ಯೆ". ವರ್ಷಕ್ಕೊಮ್ಮೆ ಆಫೀಸಿನ ಪಿಕ್ನಿಕ್ಕಿನಲ್ಲಿ ಅರ್ಧ ಬಿಯರ್ ಕುಡಿದು ತಲೆನೋವು ಎಂದು ಮಲಗುವ ಆಸಾಮಿ ಇವರು!

2014ರ ಆಸ್ಪತ್ರೆಯ ದಾಖಲೆಗಳ ಪ್ರತಿ ತರಿಸಿದೆವು. ಹಿಪಾ ಕಾನೂನಿನ ಪ್ರಕಾರ ನಮ್ಮ ದಾಖಲೆಯ ಪ್ರತಿ ಕೇಳುವುದು ನಮ್ಮ ಹಕ್ಕು. ಸಾಮಾನ್ಯವಾಗಿ 30 ದಿನದಲ್ಲಿ ಕೊಡಬೇಕು. ಸೇರಿಸಿಕೊಂಡ ರಾತ್ರಿಯ ಹಾಳೆಯಲ್ಲಿ ಯಾರೋ "ಮದ್ಯ?" ಎಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬರೆದಿದ್ದರು. ಬಿಡುಗಡೆಯ ಹಾಳೆಗೆ ಬರುವಷ್ಟರಲ್ಲಿ ಆ ಚಿಹ್ನೆ ಬಿದ್ದುಹೋಗಿತ್ತು. ತಪ್ಪನ್ನು ತಿದ್ದಿ ಎಂದು ಬರೆದು ಕೇಳುವ ಹಕ್ಕೂ ಅದೇ ಕಾನೂನಿನಲ್ಲಿದೆ. ಅವರು ಒಪ್ಪದಿದ್ದರೆ ನಮ್ಮ ಆಕ್ಷೇಪಣೆಯ ಹೇಳಿಕೆಯನ್ನು ದಾಖಲೆಗೆ ಸೇರಿಸಿಕೊಳ್ಳಬೇಕು. ಆ ದಿನಗಳ ರಕ್ತ ಪರೀಕ್ಷೆಯ ಫಲಿತಾಂಶ ತೋರಿಸಿ ಬರೆದೆವು, ತಿದ್ದಿಕೊಟ್ಟರು. ಒಂದು ಪ್ರಶ್ನಾರ್ಥಕ ಚಿಹ್ನೆಗೆ ಮೂರು ತಿಂಗಳು ಹಿಡಿಯಿತು.

ನ್ಯಾಯ ಎಂದರೆ ಏನು?

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮಗೂ ಇತ್ತು. ಹಳೆಯ ಕಾಯಿಲೆಯ ನೆಪದಲ್ಲಿ ವಿಮೆ ನಿರಾಕರಿಸುವಂತಿಲ್ಲ ಎಂದು 2010ರಲ್ಲಿ ಕಾನೂನಾಗಿ 2014ರಿಂದ ಜಾರಿಯಲ್ಲಿದೆಯಲ್ಲ, ಮನಸ್ಸಿನ ಕಾಯಿಲೆಗೆ ದೇಹದ ಕಾಯಿಲೆಯಷ್ಟೇ ಮರ್ಯಾದೆ ಕೊಡಬೇಕೆಂದು 2008ರಲ್ಲೂ ಕಾನೂನು ಬಂದಿದೆಯಲ್ಲ ಎಂದು ನಾವು ವಾದಿಸುತ್ತಿದ್ದೆವು. ಆದರೆ ಅವೆರಡೂ ಆರೋಗ್ಯ ವಿಮೆಗೆ, ಅಂದರೆ ಆಸ್ಪತ್ರೆ ಖರ್ಚಿನ ವಿಮೆಗೆ. ಜೀವವಿಮೆಗೆ ಅನ್ವಯಿಸುವುದಿಲ್ಲ. ಅಂಗವೈಕಲ್ಯ ಇರುವವರಿಗಾಗಿ 1990ರಲ್ಲಿ ಬಂದ ಕಾನೂನೂ ವಿಮಾ ಕಂಪೆನಿಗಳು ಅಪಾಯವನ್ನು ತೂಗಿ ದರ ಕಟ್ಟುವುದಕ್ಕೆ ಅವಕಾಶ ಬಿಟ್ಟಿದೆ. ವಿಮೆಯನ್ನು ನಿಯಂತ್ರಿಸುವ ಅಧಿಕಾರವನ್ನು 1945ರ ಕಾನೂನು ರಾಜ್ಯಗಳಿಗೆ ಬಿಟ್ಟುಕೊಟ್ಟಿರುವುದರಿಂದ ಪ್ರತಿ ರಾಜ್ಯಕ್ಕೂ ಅದರದೇ ವಿಮಾ ಇಲಾಖೆ ಇದೆ.

ಹಾಗಾದರೆ ನ್ಯಾಯ ಎಲ್ಲಿದೆ? ಹಲವು ರಾಜ್ಯಗಳ ನಿಯಮದ ತಿರುಳು ಇಷ್ಟು: ದೇಹದ ಅಥವಾ ಮನಸ್ಸಿನ ಊನದ ಹೆಸರು ಕೇಳಿದ ಮಾತ್ರಕ್ಕೆ ನಿರಾಕರಿಸುವಂತಿಲ್ಲ, ನಿರಾಕರಿಸಿದರೆ ಅಥವಾ ಹೆಚ್ಚು ದರ ಹಾಕಿದರೆ ಅದಕ್ಕೆ ಲೆಕ್ಕಾಚಾರದ ಅಥವಾ ಅನುಭವದ ಆಧಾರ ಇರಬೇಕು. ಎಲ್ಲರಿಗೂ ಒಂದೇ ದರ ಎಂಬುದು ನ್ಯಾಯವಲ್ಲ, ಸಿಗುವುದೂ ಇಲ್ಲ. ಕಾಯಿಲೆಯ ಹೆಸರನ್ನು ನೋಡದೆ ಕಾಯಿಲೆಯವನನ್ನು ನೋಡಿ ದರ ಕಟ್ಟಿಸಿಕೊಳ್ಳುವುದೇ ನಾವು ಕೇಳಬಹುದಾದ ನ್ಯಾಯ. ಅದಕ್ಕೆ ಆಧಾರ ಒದಗಿಸುವ ಕೆಲಸ ಬಹುಪಾಲು ನಮ್ಮದೇ.

ಎರಡನೆಯ ಸಲ ಏನೇನು ಮಾಡಿದೆವು

2022ರಲ್ಲಿ ಮತ್ತೆ ಹೊರಟೆವು. ಈ ಸಲ ಹಲವು ಕಂಪೆನಿಗಳ ಪಾಲಿಸಿ ಮಾರುವ ಸ್ವತಂತ್ರ ಬ್ರೋಕರ್ ಒಬ್ಬರನ್ನು ಹುಡುಕಿದೆವು. ಫೋನಿನಲ್ಲಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಬೈಪೋಲಾರ್ ಇರುವವರ ಅರ್ಜಿಗಳನ್ನು ಹಿಂದೆ ಮಾಡಿಸಿದ್ದೀರಾ?" ಇಬ್ಬರು ತಡವರಿಸಿದರು. ಮೂರನೆಯವರು "ಎಷ್ಟೋ ಮಾಡಿಸಿದ್ದೇನೆ, ಕೊನೆಯ ಸಲ ಆಸ್ಪತ್ರೆಗೆ ಸೇರಿದ್ದು ಯಾವಾಗ?" ಎಂದು ತಿರುಗಿ ಕೇಳಿದರು. ಅವರೇ ಸರಿಯಾದವರು ಎಂದು ಗೊತ್ತಾಯಿತು.

ಅವರು ನೇರವಾಗಿ ಅರ್ಜಿ ಹಾಕಿಸಲಿಲ್ಲ. ಹೆಸರು ಹೇಳದೆ ವಿವರವನ್ನಷ್ಟೇ ನಾಲ್ಕೈದು ಕಂಪೆನಿಗಳಿಗೆ ಕಳಿಸಿ "ಇಂಥವರಿಗೆ ಏನು ಕೊಡುತ್ತೀರಿ?" ಎಂದು ವಿಚಾರಿಸಿದರು. ಇದಕ್ಕೆ ಅನೌಪಚಾರಿಕ ವಿಚಾರಣೆ ಎನ್ನುತ್ತಾರೆ. ಮುಂದಿನ ಅರ್ಜಿಗಳಲ್ಲಿ "ಹಿಂದೆ ಯಾರಾದರೂ ನಿರಾಕರಿಸಿದ್ದಾರೆಯೇ?" ಎಂಬ ಪ್ರಶ್ನೆ ಇರುವುದರಿಂದ, ಸುಮ್ಮನೆ ಅರ್ಜಿ ಹಾಕಿ ತಿರಸ್ಕಾರಗಳನ್ನು ಕೂಡಿಸಿಕೊಳ್ಳುವುದಕ್ಕಿಂತ ಇದು ಮೇಲು. ಎರಡು ಕಂಪೆನಿ ಬೇಡ ಎಂದವು. ಒಂದು ಉತ್ತರಿಸಲಿಲ್ಲ. ಎರಡು "ಕಾಗದ ತೋರಿಸಿ" ಎಂದವು. ಒಂದೇ ಮನುಷ್ಯ, ಒಂದೇ ಕಾಯಿಲೆ, ಐದು ಕಂಪೆನಿಗೆ ಮೂರು ಬಗೆಯ ಉತ್ತರ. ಒಬ್ಬರ "ಇಲ್ಲ" ಎಲ್ಲರ "ಇಲ್ಲ" ಅಲ್ಲ ಎಂಬುದು ಆಗ ತಿಳಿಯಿತು.

ಆಮೇಲೆ ಕಾಗದ ಜೋಡಿಸುವ ಕೆಲಸ. ಅರ್ಜಿಯನ್ನು ತೂಗಿ ದರ ಕಟ್ಟುವ ಅಧಿಕಾರಿ ನಮ್ಮ ಮುಖ ನೋಡುವುದಿಲ್ಲ, ಕಾಗದವನ್ನಷ್ಟೇ ನೋಡುತ್ತಾನೆ. ಅವನಿಗೆ ಬೇಕಾದ್ದು ಇವು: ಕಾಯಿಲೆ ಯಾವ ಬಗೆಯದು, ಯಾವಾಗ ಶುರುವಾಯಿತು; ಈಗಿನ ಔಷಧಿ ಯಾವುದು, ಎಷ್ಟು, ಎಷ್ಟು ಕಾಲದಿಂದ ಬದಲಾಗಿಲ್ಲ; ಆಸ್ಪತ್ರೆಗೆ ಎಷ್ಟು ಸಲ, ಕೊನೆಯದು ಯಾವಾಗ; ಜೀವ ಕಳೆದುಕೊಳ್ಳುವ ಪ್ರಯತ್ನ ನಡೆದಿತ್ತೇ; ಕುಡಿತ, ಮಾದಕ ವಸ್ತು ಇದೆಯೇ; ಕೆಲಸ ಬಿಡದೆ ಮಾಡುತ್ತಿದ್ದಾರೆಯೇ; ಬಿ.ಪಿ., ಸಕ್ಕರೆ, ತೂಕ ಹೇಗಿದೆ. ನಮ್ಮ ಡಾಕ್ಟರನ್ನು ಕೇಳಿ ಇವೆಲ್ಲಕ್ಕೂ ಉತ್ತರ ಇರುವ ಒಂದು ಪುಟದ ಪತ್ರ ಬರೆಸಿದೆವು. ಲಿಥಿಯಂ ರಕ್ತ ಪರೀಕ್ಷೆಗಳ ಪಟ್ಟಿ, ತಿದ್ದಿದ ಆಸ್ಪತ್ರೆಯ ಹಾಳೆ, ಎಂಟು ವರ್ಷ ಒಂದೇ ಕಡೆ ಕೆಲಸ ಮಾಡಿದ್ದಕ್ಕೆ ದಾಖಲೆ, ಜೊತೆಗೆ ಬೆಂಗಳೂರಿನ 2003ರ ಚೀಟಿಯನ್ನೂ ಇಟ್ಟೆವು. "ಎಂದಾದರೂ" ಎಂದು ಕೇಳಿದ ಪ್ರಶ್ನೆಗೆ ಬೆಂಗಳೂರೂ ಸೇರುತ್ತದೆ.

ಎಂ.ಐ.ಬಿ.ಯಲ್ಲಿ ನಮ್ಮ ಬಗ್ಗೆ ಏನಿದೆ ಎಂದೂ ತರಿಸಿ ನೋಡಿದೆವು. ವರ್ಷಕ್ಕೊಂದು ಸಲ ಪುಕ್ಕಟೆಯಾಗಿ ಕೇಳಬಹುದು, ತಪ್ಪಿದ್ದರೆ ತಿದ್ದಿಸಬಹುದು.

ಈಗ ದೀಪಾವಳಿಯ ದಿನದ ಪ್ರಶ್ನೆಗೆ ಬರುತ್ತೇವೆ. ಮಾತ್ರೆ ನಿಲ್ಲಿಸಿದರೆ ಅರ್ಜಿ ಚೊಕ್ಕಟವಾಗುತ್ತದೆ ಎಂಬುದು ತಲೆಕೆಳಗಾದ ಲೆಕ್ಕ. ತಪ್ಪದೆ ಮಾತ್ರೆ ತೆಗೆದುಕೊಂಡು, ಡಾಕ್ಟರ ಭೇಟಿ ತಪ್ಪಿಸದೆ ಇರುವುದೇ ಆ ಅಧಿಕಾರಿಯ ಕಣ್ಣಿಗೆ ಒಳ್ಳೆಯ ಗುರುತು. ಮಾತ್ರೆ ನಿಂತ ದಾಖಲೆ ಕಂಡರೆ "ಚಿಕಿತ್ಸೆ ಬಿಟ್ಟಿದ್ದಾನೆ" ಎಂದು ಓದುತ್ತಾರೆ. ಕಾಯಿಲೆ ಮರುಕಳಿಸಿದರಂತೂ ವಿಮೆಯ ಮಾತು ಹಾಗಿರಲಿ, ಸಂಸಾರವೇ ಅಲ್ಲಾಡುತ್ತದೆ; 2014ರಲ್ಲಿ ನಾವು ಅದನ್ನು ನೋಡಿದ್ದೇವೆ. ಹಾಗೆಯೇ "ದಾಖಲೆಯಾಗಿಬಿಡುತ್ತೆ" ಎಂದು ಹೆದರಿ ಡಾಕ್ಟರ ಹತ್ತಿರವೇ ಹೋಗದಿರುವುದೂ. ಸಾಧಾರಣ ಖಿನ್ನತೆಗೆ ಒಂದೇ ಮಾತ್ರೆಯಲ್ಲಿ ಸುಧಾರಿಸಿಕೊಂಡು ಕೆಲಸ ಮಾಡಿಕೊಂಡಿರುವವರಿಗೆ ಎಷ್ಟೋ ಕಂಪೆನಿಗಳು ಸಾಮಾನ್ಯ ದರಕ್ಕೇ ಪಾಲಿಸಿ ಕೊಡುತ್ತವೆ.

ದರದ ಲೆಕ್ಕ

ಹೆಚ್ಚು ಅಪಾಯ ಎಂದು ಕಂಡವರಿಗೆ ಕಂಪೆನಿಗಳು "ಟೇಬಲ್" ಎಂಬ ಮೆಟ್ಟಿಲುಗಳ ಪ್ರಕಾರ ದರ ಹಾಕುತ್ತವೆ. ಸಾಮಾನ್ಯವಾಗಿ ಒಂದೊಂದು ಮೆಟ್ಟಿಲಿಗೆ ಶೇಕಡ 25 ಹೆಚ್ಚು. ನಮಗೆ ಪಾಲಿಸಿ ಕೊಟ್ಟ ಕಂಪೆನಿಯ ಸಾಮಾನ್ಯ ದರ, ಇವರ ವಯಸ್ಸಿಗೆ, ಐದು ಲಕ್ಷ ಡಾಲರಿಗೆ ತಿಂಗಳಿಗೆ 60 ಡಾಲರ್. ಇವರನ್ನು ನಾಲ್ಕನೆಯ ಮೆಟ್ಟಿಲಿಗೆ ಹಾಕಿದರು. ಅಂದರೆ ಶೇಕಡ 100 ಹೆಚ್ಚು, ತಿಂಗಳಿಗೆ 120 ಡಾಲರ್. ಇನ್ನೊಂದು ಕಂಪೆನಿ ಆರನೆಯ ಮೆಟ್ಟಿಲು ಎಂದಿತ್ತು.

ದುಬಾರಿಯೇ. ಆದರೂ ಸಹಿ ಹಾಕಿದೆವು, ಒಂದು ವಿಷಯ ಕೇಳಿಕೊಂಡು: ಕಾಯಿಲೆ ಹೀಗೇ ಹತೋಟಿಯಲ್ಲಿದ್ದರೆ ದರವನ್ನು ಮತ್ತೆ ಪರಿಶೀಲಿಸುತ್ತೀರಾ? ಎರಡು ವರ್ಷವಾದ ಮೇಲೆ ಕೇಳಿ ಎಂದರು. 2024ರಲ್ಲಿ ಹೊಸ ಪತ್ರ, ಹೊಸ ರಕ್ತ ಪರೀಕ್ಷೆ ಇಟ್ಟು ಕೇಳಿದೆವು. ಎರಡನೆಯ ಮೆಟ್ಟಿಲಿಗೆ ಇಳಿಸಿದರು. ಈಗ 90 ಡಾಲರ್. ಕೇಳದೆ ಇದ್ದಿದ್ದರೆ ತಾವಾಗಿ ಇಳಿಸುತ್ತಿರಲಿಲ್ಲ.

ಒಂದು ಎಚ್ಚರಿಕೆ. ಕಡಿಮೆ ದರ ಎಂದು ಬೇರೆ ಕಂಪೆನಿಗೆ ಹೋಗುವುದಾದರೆ ಹೊಸ ಪಾಲಿಸಿ ಕೈಗೆ ಬಂದು ಜಾರಿಯಾಗುವವರೆಗೆ ಹಳೆಯದನ್ನು ಬಿಡಬೇಡಿ. ಹೊಸ ಪಾಲಿಸಿಗೆ ಆ ಎರಡು ವರ್ಷದ ಪ್ರಶ್ನಿಸುವ ಅವಧಿಯೂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾವು ಅದಕ್ಕೇ ಇದ್ದ ಕಂಪೆನಿಯಲ್ಲೇ ದರ ಇಳಿಸಿಕೊಂಡೆವು.

ಎಲ್ಲೂ ಸಿಗದಿದ್ದರೆ

ಮೊದಲು ಆಫೀಸಿನ ಕಡೆ ನೋಡಿ. ಅನೇಕ ಕಡೆ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಾಮಾನ್ಯವಾಗಿ ಮೊದಲ 31 ದಿನದೊಳಗೆ, ಗುಂಪು ಜೀವವಿಮೆಗೆ ಸೇರಿದರೆ ಒಂದು ಮಿತಿಯವರೆಗೆ ಆರೋಗ್ಯದ ಪ್ರಶ್ನೆಯನ್ನೇ ಕೇಳುವುದಿಲ್ಲ. ಆಮೇಲೆ ಸೇರುತ್ತೇನೆಂದರೆ ಕೇಳುತ್ತಾರೆ. ನಮ್ಮ ಜನ ಹೊಸ ಕೆಲಸದ ಗಡಿಬಿಡಿಯಲ್ಲಿ ಆ ಫಾರಂ ಬದಿಗಿಡುತ್ತಾರೆ. ಹಾಗೆ ಮಾಡಬೇಡಿ. ಕಂಪೆನಿ ಕೊಡುವ ಇಂಥ ವಿಮೆಯಲ್ಲಿ ಮೊದಲ 50,000 ಡಾಲರಿನ ರಕ್ಷಣೆಗೆ ಆದಾಯ ತೆರಿಗೆಯೂ ಇಲ್ಲ. ಕೆಲಸ ಬಿಟ್ಟಾಗ, ಅಥವಾ ಲೇಆಫ್ ಆದಾಗ, ಆ ಪಾಲಿಸಿಯನ್ನು ವೈದ್ಯಕೀಯ ಪರೀಕ್ಷೆಯಿಲ್ಲದೆ ಸ್ವಂತ ಪಾಲಿಸಿಯಾಗಿ ಬದಲಾಯಿಸಿಕೊಳ್ಳುವ ಹಕ್ಕು ಸಾಮಾನ್ಯವಾಗಿ 31 ದಿನ ಇರುತ್ತದೆ. ದರ ಜಾಸ್ತಿ, ಆದರೆ ಬೇರೆಲ್ಲೂ ಸಿಗದವರಿಗೆ ಅದೇ ಬಾಗಿಲು. ಲೇಆಫ್ ಆದ ದಿನ ಇದನ್ನು ನೆನಪಿಸುವವರು ಯಾರೂ ಇರುವುದಿಲ್ಲ, ಆದ್ದರಿಂದ ಈಗಲೇ ಬರೆದಿಟ್ಟುಕೊಳ್ಳಿ.

ಆಸ್ಪತ್ರೆಯಿಂದ ಬಂದು ವರ್ಷವೂ ಆಗಿಲ್ಲದವರಿಗೆ "ಈಗ ಬೇಡ, ಆಮೇಲೆ ಬನ್ನಿ" ಎನ್ನುವುದುಂಟು. ಅದು ತಿರಸ್ಕಾರವಲ್ಲ, ಮುಂದೂಡಿಕೆ. ಕಾಯಬೇಕು.

ಏನೂ ಕೇಳದೆ ಕೊಡುವ ಸಣ್ಣ ಪಾಲಿಸಿಗಳೂ ಇವೆ. ಬಹುಮಟ್ಟಿಗೆ ಐವತ್ತರ ಆಸುಪಾಸು ದಾಟಿದವರಿಗೆ, ಸಾಮಾನ್ಯವಾಗಿ 25,000 ಡಾಲರ್ ಮೀರದಂತೆ. ಮೊದಲ ಎರಡು ವರ್ಷದಲ್ಲಿ ಕಾಯಿಲೆಯಿಂದ ತೀರಿಕೊಂಡರೆ ಪೂರ್ತಿ ಹಣ ಬರುವುದಿಲ್ಲ, ಕಟ್ಟಿದ ಕಂತು ಸ್ವಲ್ಪ ಬಡ್ಡಿಯೊಂದಿಗೆ ವಾಪಸು. ಅಂತ್ಯಕ್ರಿಯೆಯ ಖರ್ಚಿಗಾದೀತು, ಮನೆ ಸಾಲಕ್ಕಲ್ಲ. ಟೀವಿಯ ಜಾಹೀರಾತು ನೋಡಿ ಮೊದಲು ಇದಕ್ಕೆ ಓಡಬೇಡಿ, ಇದು ಕೊನೆಯ ಮೆಟ್ಟಿಲು.

ಕಾರಣವಿಲ್ಲದೆ ತಿರಸ್ಕರಿಸಿದರು ಎನ್ನಿಸಿದರೆ ರಾಜ್ಯದ ವಿಮಾ ಇಲಾಖೆಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಕಂಪೆನಿ ಇಲಾಖೆಗೆ ಉತ್ತರ ಕೊಡಲೇಬೇಕು.

ಊರಿನ ಪಾಲಿಸಿ

ಅನೇಕರ ಹೆಸರಿನಲ್ಲಿ ಊರಿನಲ್ಲೂ ಒಂದು ಪಾಲಿಸಿ ಇರುತ್ತದೆ, ತಂದೆಯವರು ಮಾಡಿಸಿದ್ದು. ಭಾರತದ 1938ರ ವಿಮಾ ಕಾಯಿದೆಯ 45ನೆಯ ಕಲಂ 2015ರಲ್ಲಿ ತಿದ್ದುಪಡಿಯಾದ ಮೇಲೆ, ಪಾಲಿಸಿಗೆ ಮೂರು ವರ್ಷ ತುಂಬಿದರೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗೆ ಅಲ್ಲೂ ಪ್ರಶ್ನಿಸಬಹುದು. ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ದೇಹದ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕೆಂದು ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಅದೂ ಆಸ್ಪತ್ರೆ ಖರ್ಚಿನ ವಿಮೆಗೆ, ಜೀವವಿಮೆಗಲ್ಲ.

ಹೇಳಲೇಬೇಕಾದ ಇನ್ನೊಂದು ಮಾತು

ಇಲ್ಲಿನ ಜೀವವಿಮೆಗಳಲ್ಲಿ ಆತ್ಮಹತ್ಯೆಯ ಕಲಂ ಎಂದು ಇರುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಅದರ ಅವಧಿ ಎರಡು ವರ್ಷ. ಅರ್ಜಿ ಓದುವಾಗ ಆ ಪುಟವನ್ನು ನಾವು ಜೋರಾಗಿ ಓದಿಕೊಳ್ಳಲಿಲ್ಲ. ಆದರೆ ಆ ರಾತ್ರಿ ಇವರು ಒಂದು ಸಂಗತಿ ಹೇಳಿದರು. 2014ರಲ್ಲಿ ಕೆಳಗಿಳಿದಿದ್ದಾಗ, "ನಾನು ಬದುಕಿರೋದಕ್ಕಿಂತ ಇಲ್ಲದೆ ಇದ್ದರೇ ಇವರಿಗೆ ಅನುಕೂಲ" ಎಂಬ ಯೋಚನೆ ದಿನವೂ ಬರುತ್ತಿತ್ತಂತೆ. ಆಗ ಅದು ಲೆಕ್ಕದಷ್ಟೇ ನಿಜವಾಗಿ ಕಂಡಿತ್ತಂತೆ. ಕಾಯಿಲೆ ಇಳಿದ ಮೇಲೆ ಆ ಲೆಕ್ಕ ಪೂರ್ತಿ ಸುಳ್ಳು ಎಂದು ಗೊತ್ತಾಯಿತು.

ಇದನ್ನು ಓದುತ್ತಿರುವ ಯಾರಿಗಾದರೂ ಅಂಥ ಯೋಚನೆ ಬಂದಿದ್ದರೆ, ಅದು ಕಾಯಿಲೆ ಆಡಿಸುವ ಮಾತು, ನಿಮ್ಮದಲ್ಲ. ಮನೆಯವರಿಗೆ ಹೇಳಿ. ಈ ದೇಶದಲ್ಲಿ 988ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾರಾದರೂ ಸಿಗುತ್ತಾರೆ, 2022ರಿಂದ ಈ ಸಂಖ್ಯೆ ಇದೆ. ಊರಿನಲ್ಲಿರುವ ನಿಮ್ಮವರಿಗೆ ಬೇಕಾದರೆ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಮನೆಗೆ ಬೇಕಾದ್ದು ಮನುಷ್ಯ. ಪಾಲಿಸಿ ಎಂಬುದು ಬೀರುವಿನಲ್ಲಿ ಬೀಗ ಹಾಕಿಟ್ಟು ಮರೆತುಬಿಡಬೇಕಾದ ಕಾಗದ.

ಕೊನೆಗೆ

ಈ ಲೇಖನಕ್ಕೆ ನಮ್ಮ ಹೆಸರು ಹಾಕಿಲ್ಲ. ನಿಜ ಹೇಳಿ ಎಂದು ಇಷ್ಟುದ್ದ ಬರೆದು ಹೆಸರು ಮುಚ್ಚಿಡುವುದು ಸರಿಯೇ ಎಂದು ನೀವು ಕೇಳಬಹುದು. ನಮ್ಮ ದೊಡ್ಡ ಮಗಳಿಗೆ ಈಗ ಹದಿಮೂರು. ಅವಳನ್ನು ಕೇಳಿದೆವು. "ಅಪ್ಪನ ವಿಷಯ ನನಗೆ ಗೊತ್ತು, ಅದು ಸಾಕು. ಕೂಟದಲ್ಲಿ ಎಲ್ಲರೂ ನನ್ನನ್ನ ಒಂದು ಥರ ನೋಡೋದು ಬೇಡ" ಎಂದಳು. ಅವಳ ಮಾತಿಗೆ ಬೆಲೆ ಕೊಟ್ಟಿದ್ದೇವೆ. ಮಾವನವರು "ಟೈಫಾಯಿಡ್" ಎಂದದ್ದೂ ಇಂಥ ಕಣ್ಣುಗಳಿಗೆ ಹೆದರಿಯೇ. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ಡಾಕ್ಟರಿಗೆ, ಮನೆಯವರಿಗೆ, ಆ ಹದಿನೇಳನೆಯ ಪ್ರಶ್ನೆಗೆ ಹೇಳಿದರೆ ಸಾಕು.

ಯಾರಿಗಾದರೂ ಮಾತಾಡಬೇಕು ಎನ್ನಿಸಿದರೆ ಸಂಪಾದಕರ ಕೈಯಲ್ಲಿ ಒಂದು ಚೀಟಿ ಕೊಡಿ, ಅವರು ನಮಗೆ ತಲಪಿಸುತ್ತಾರೆ. ಫೋನ್ ಮಾಡುತ್ತೇವೆ, ಅಥವಾ ಮನೆಗೆ ಬನ್ನಿ, ಕಾಫಿ ಕುಡಿಯುತ್ತ ಕಾಗದ ಜೋಡಿಸೋಣ. ದೀಪಾವಳಿಯ ದಿನ ಕೇಳಿದ ಆ ಹಿರಿಯರ ಮನೆಯವರು ಮಾತ್ರೆ ನಿಲ್ಲಿಸಲಿಲ್ಲ. ಸ್ವತಂತ್ರ ಬ್ರೋಕರ್ ಒಬ್ಬರ ಮೂಲಕ ಅರ್ಜಿ ಹೋಗಿದೆ. ಡಾಕ್ಟರ ಪತ್ರ ಜೊತೆಗಿದೆ. ಉತ್ತರಕ್ಕೆ ಕಾಯುತ್ತಿದ್ದೇವೆ, ಅವರೂ ನಾವೂ.

ಇತಿ,
ಒಂದು ಸದಸ್ಯ ಕುಟುಂಬ